ಕನ್ನಡಿ ಮುಂದೆ ಒಪ್ಪಿದ ಜಾಕೆಟ್ ನೀರಿನಲ್ಲಿ ಕೈಕೊಟ್ಟ ಕಥೆ

ಸ್ಕೂಬಾ ಕಲಿತು ಪ್ರಮಾಣಪತ್ರ ಕೈಗೆ ಬಂದ ವಾರವೇ ಸ್ವಂತ ಬಿಸಿಡಿ ಕೊಳ್ಳಲು ಹೊರಟವರು ಯಾರಾದರೂ ಇದ್ದರೆ, ಹಣ ಎಣಿಸುವ ಮೊದಲು ಇದನ್ನು ಓದಿ. ನಾನೂ ಹಾಗೆಯೇ ಹೊರಟವನು. ಎಂಟನೆಯ ಡೈವ್ ಮುಗಿಸಿ ಕೊಂಡೆ. ಹದಿನೈದನೆಯ ಡೈವ್‌ನಲ್ಲಿ ಅದು ನನ್ನನ್ನು 14 ಮೀಟರ್ ಆಳದಿಂದ ಬೆಂಡಿನ ತುಂಡಿನಂತೆ ಮೇಲಕ್ಕೆ ಎಸೆಯಿತು. ಗಾಯವಾಗಲಿಲ್ಲ. ಆಗಬಹುದಿತ್ತು.

ಈ ಲೋಕಕ್ಕೆ ಹೊಸಬರಾದವರಿಗೆ ಒಂದು ಮಾತು: ಬಿಸಿಡಿ ಎಂದರೆ ಸಿಲಿಂಡರನ್ನು ಬೆನ್ನಿಗೆ ಕಟ್ಟಿ ಹಿಡಿಯುವ, ಒಳಗೊಂದು ಗಾಳಿಚೀಲ ಇರುವ ಸಾಧನ. ಚೀಲಕ್ಕೆ ಗಾಳಿ ತುಂಬಿದರೆ ಮೇಲೇರುತ್ತೇವೆ, ಬಿಟ್ಟರೆ ಇಳಿಯುತ್ತೇವೆ, ಹದವಾಗಿದ್ದರೆ ನಿಂತಲ್ಲಿ ನಿಲ್ಲುತ್ತೇವೆ. ಗಾಳಿಚೀಲ ಎದೆ, ಪಕ್ಕೆ, ಬೆನ್ನು ಎಲ್ಲವನ್ನೂ ಸುತ್ತಿಕೊಂಡಿದ್ದರೆ ಅದು ಜಾಕೆಟ್. ಬೆನ್ನಿನಲ್ಲಿ ಮಾತ್ರ ಇದ್ದರೆ ಬ್ಯಾಕ್ ಇನ್‌ಫ್ಲೇಟ್. ಲೋಹದ ಫಲಕ, ಪಟ್ಟಿ, ಹಿಂದೊಂದು ಗಾಳಿಚೀಲ ಎಂದು ಬಿಡಿಬಿಡಿಯಾಗಿ ಜೋಡಿಸಿಕೊಳ್ಳುವುದಾದರೆ ಬ್ಯಾಕ್‌ಪ್ಲೇಟ್ ಮತ್ತು ವಿಂಗ್. ನಾನು ಕೊಂಡದ್ದು ಜಾಕೆಟ್. ಆದರೆ ಜಾಕೆಟ್ ಕೆಟ್ಟದ್ದು ಎಂದು ಹೇಳಲು ನಾನು ಇಲ್ಲಿ ಕುಳಿತಿಲ್ಲ. ನಾನು ಕೊಂಡ ರೀತಿ ಕೆಟ್ಟದ್ದು.

ಅಂಗಡಿಯಲ್ಲಿ ತೆಳ್ಳನೆಯ ಅಂಗಿಯ ಮೇಲೆ ತೊಟ್ಟು ನೋಡಿದೆ. ಕನ್ನಡಿಯಲ್ಲಿ ಚೆನ್ನಾಗಿಯೇ ಕಂಡಿತು. ಭುಜದ ಬಳಿ ಸ್ವಲ್ಪ ಸಡಿಲ ಎನಿಸಿದಾಗ ಮಾರುವವರು, "ಇರಲಿ ಬಿಡಿ ಸರ್, ಮುಂದೆ ದಪ್ಪ ವೆಟ್‌ಸೂಟು ತೊಟ್ಟರೆ ಸರಿಹೋಗುತ್ತದೆ" ಎಂದರು. ಎತ್ತುವ ಸಾಮರ್ಥ್ಯ 22 ಕಿಲೋ ಎಂದು ಚೀಟಿಯಲ್ಲಿತ್ತು. ಪಕ್ಕದಲ್ಲಿದ್ದ ಇನ್ನೊಂದರದು 13. ಹೆಚ್ಚಿದ್ದಷ್ಟೂ ಸುರಕ್ಷಿತ ಎಂದುಕೊಂಡೆ, ದೊಡ್ಡ ಛತ್ರಿ ಕೊಳ್ಳುವವನ ಲೆಕ್ಕದಲ್ಲಿ. ಮೇಲಾಗಿ ಜೇಬುಗಳು, ಸಿಕ್ಕಿಸಿಕೊಳ್ಳಲು ಎಂಟು ಉಂಗುರಗಳು, ಒಳಗೆ ಮೆತ್ತನೆಯ ಹಾಸು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ, ಆ ಎಂಟು ಉಂಗುರಗಳಿಗೆ ಸಿಕ್ಕಿಸಲು ನನ್ನ ಬಳಿ ಇದ್ದದ್ದು ಒಂದೇ ಒಂದು ಟಾರ್ಚು.

ಇನ್ನು, ಮುಳುಗಲೆಂದು ಮೈಗೆ ಕಟ್ಟಿಕೊಳ್ಳುವ ಸೀಸದ ತೂಕದ ವಿಷಯ. ತರಬೇತಿಯಲ್ಲಿ ನನಗೆ 9 ಕಿಲೋ ಕಟ್ಟಿದ್ದರು. ಹೊಸಬರು ತಳದಲ್ಲಿ ಮಂಡಿಯೂರಿ ಅಲುಗದೆ ಕೂರಲಿ ಎಂದು ತುಸು ಹೆಚ್ಚೇ ಕಟ್ಟುವ ರೂಢಿ ಬಹಳ ಕಡೆ ಇದೆ. ನಾನು ಆ 9ನ್ನು ರಕ್ತದ ಗುಂಪಿನ ಹಾಗೆ ಜನ್ಮಕ್ಕೆ ಅಂಟಿದ ಸಂಗತಿ ಎಂದು ನಂಬಿದೆ. ಹೊಸ ಜಾಕೆಟ್ಟಿನ ಮೆತ್ತೆಯೊಳಗೆ ಗಾಳಿ ಸಿಕ್ಕಿಕೊಂಡು ಇಳಿಯುವುದು ಕಷ್ಟವಾದಾಗ ಇನ್ನೊಂದು ಕಿಲೋ ಸೇರಿಸಿದೆ. ಹತ್ತು ಕಿಲೋ, ಎರಡು ಕಡೆಯ ತೂಕದ ಜೇಬುಗಳಲ್ಲಿ ಐದೈದು. ಆ ಜೇಬುಗಳು ಕೊಕ್ಕೆಯಿಲ್ಲದ, ಬರೀ ವೆಲ್ಕ್ರೋದಿಂದ ಹಿಡಿದಿಟ್ಟ ಬಗೆಯವು. ಒಣಗಿದ್ದಾಗ ಅವನ್ನು ಕೀಳಲು ಎರಡು ಕೈ ಬೇಕಿತ್ತು. ನೆನೆದು, ಉಪ್ಪು ಮತ್ತು ಮರಳು ಸೇರಿದ ಮೇಲೆ ಹಿಡಿತ ಎಷ್ಟು ಉಳಿದಿದೆ ಎಂದು ನಾನು ಒಮ್ಮೆಯೂ ಎಳೆದು ನೋಡಿರಲಿಲ್ಲ.

ಆ ದಿನ ತಳದ ಬಂಡೆಯೊಂದರ ಸಂದಿಯನ್ನು ನೋಡಲು ತಲೆ ತಗ್ಗಿಸಿದೆ. ಬಲಗಡೆ ಏನೋ ಜಾರಿದಂತಾಯಿತು. ತಿರುಗುವಷ್ಟರಲ್ಲಿ ಜೇಬು ಬಂಡೆಯ ಮೇಲೆ ಬಿದ್ದಿತ್ತು, ನಾನು ಅದರಿಂದ ಒಂದು ಮಾರು ಮೇಲಿದ್ದೆ. ಹಿಡಿಯಲೆಂದು ಇನ್ನಷ್ಟು ತಲೆಕೆಳಗಾದೆ. ಅದೇ ದೊಡ್ಡ ತಪ್ಪು. ಗಾಳಿ ಯಾವಾಗಲೂ ಚೀಲದ ಅತಿ ಎತ್ತರದ ಜಾಗಕ್ಕೆ ಓಡುತ್ತದೆ. ನಾನು ತಲೆಕೆಳಗಾದಾಗ ಅದೆಲ್ಲ ಸೊಂಟದ ಕಡೆ ಸೇರಿತು. ಎಡಭುಜದಿಂದ ಇಳಿಬಿದ್ದ ಕೊಳವೆಯ ಗುಂಡಿಯನ್ನು ಎಷ್ಟು ಒತ್ತಿದರೂ ಬರುವುದು ನಾಲ್ಕು ಗುಳ್ಳೆ ಮಾತ್ರ. ಹಿಂಭಾಗದ ಕೆಳತುದಿಯಲ್ಲಿ ಇಂಥ ಹೊತ್ತಿಗೆಂದೇ ಗಾಳಿ ಹೊರಬಿಡುವ ಒಂದು ಡಂಪ್ ವಾಲ್ವ್ ಇರುತ್ತದೆ, ಅದರ ದಾರ ಎಳೆದರೆ ಸಾಕಿತ್ತು. ಕೈ ಹಿಂದಕ್ಕೆ ಹೋಗಿ ಒಂದರ ಮೇಲೊಂದು ಉಂಗುರವನ್ನೇ ತಡಕಿತು, ದಾರ ಸಿಗಲಿಲ್ಲ. ನೆಟ್ಟಗಾದಾಗ ಸಡಿಲ ಜಾಕೆಟ್ ಉಬ್ಬಿ ಕಿವಿಯವರೆಗೆ ಏರಿತ್ತು, ಬಲಭುಜದ ಇನ್ನೊಂದು ಡಂಪ್ ವಾಲ್ವಿನ ದಾರ ಗಲ್ಲದ ಕೆಳಗೆಲ್ಲೋ ಸಿಕ್ಕಿಹಾಕಿಕೊಂಡಿತ್ತು. ಗಾಬರಿಯಲ್ಲಿ ಗಾಳಿ ಬಿಡುವ ಗುಂಡಿಯ ಬದಲು ತುಂಬುವ ಗುಂಡಿಯನ್ನು ಒತ್ತಿದೆನೇ ಎಂಬ ಅನುಮಾನ ನನಗೆ ಇಂದಿಗೂ ಇದೆ.

ಒಂದನ್ನು ಮಾತ್ರ ಸರಿಯಾಗಿ ಮಾಡಿದೆ: ಉಸಿರು ಹಿಡಿಯಲಿಲ್ಲ. 14 ಮೀಟರ್ ಆಳದಲ್ಲಿ ಒತ್ತಡ ಸುಮಾರು 2.4 ಬಾರ್, ಅಂದರೆ ನೀರಿನ ಮೇಲಿರುವುದರ 2.4 ಪಟ್ಟು. ಅಲ್ಲಿ ತುಂಬಿಕೊಂಡ ಉಸಿರು ಮೇಲೆ ಬರುವಷ್ಟರಲ್ಲಿ 2.4 ಪಟ್ಟು ಹಿಗ್ಗಲು ನೋಡುತ್ತದೆ, ಬಾಯಿ ಮುಚ್ಚಿದ್ದರೆ ಹರಿಯುವುದು ಶ್ವಾಸಕೋಶ. ತುಂಬಿದ ಎದೆಯಲ್ಲಿ ಉಸಿರು ಕಟ್ಟಿ ಒಂದೆರಡು ಮೀಟರ್ ಏರಿದರೂ ಅಪಾಯವೇ. ನಿಮಿಷಕ್ಕೆ 9 ಮೀಟರ್ ಏರಬೇಕೆಂದು ಕಲಿಸಿದ್ದರು. ಆ ಲೆಕ್ಕಕ್ಕೆ ನನ್ನ ದಾರಿ ಒಂದೂವರೆ ನಿಮಿಷಕ್ಕೂ ಮಿಕ್ಕಿದ್ದು, ನಡುವೆ 5 ಮೀಟರಿನಲ್ಲಿ 3 ನಿಮಿಷದ ತಂಗುವಿಕೆ ಬೇರೆ. ನನ್ನ ಕೈಗಡಿಯಾರದಂಥ ಕಂಪ್ಯೂಟರ್ ತೋರಿಸಿದ್ದು ಅರ್ಧ ನಿಮಿಷಕ್ಕೂ ಕಡಿಮೆ. ಇಡೀ ದಾರಿ ಅದು ಕಿರುಚುತ್ತಲೇ ಇತ್ತು.

ದೋಣಿಯಲ್ಲಿ ಆಮ್ಲಜನಕ ಕೊಟ್ಟರು, ಆ ದಿನದ ಡೈವಿಂಗ್ ನಿಲ್ಲಿಸಿದರು, ಕೀಲುನೋವು, ಜೋಮು, ತಲೆಸುತ್ತು ಏನೇ ಕಂಡರೂ ಕೂಡಲೇ ತಿಳಿಸಿ ಎಂದರು. ಏನೂ ಕಾಣಲಿಲ್ಲ. ನಮ್ಮನ್ನು ಕರೆದೊಯ್ದಿದ್ದ ಹಿರಿಯ ಡೈವರ್ ಎಲ್ಲ ಮುಗಿದ ಮೇಲೆ ಪಕ್ಕದಲ್ಲಿ ಬಂದು ಕುಳಿತರು.

"ಒಟ್ಟು ಎಷ್ಟು ಸೀಸ ಹಾಕಿದ್ದಿರಿ?"

"ಹತ್ತು ಕಿಲೋ."

"ಹತ್ತು ಬೇಕೆಂದು ಯಾರು ಹೇಳಿದರು?"

ಉತ್ತರವಿರಲಿಲ್ಲ. ಜಾಕೆಟ್ ಮಾರಿದವರನ್ನು ಬೈಯಲು ಬಾಯಿ ತೆರೆದವನು ಹಾಗೆಯೇ ಮುಚ್ಚಿದೆ.

ಆಮೇಲೆ ಅವರು ಹೇಳಿಕೊಟ್ಟ ಲೆಕ್ಕವೇ ಈ ಬರಹದ ತಿರುಳು. ಬೇಕಾದ್ದಕ್ಕಿಂತ 5 ಕಿಲೋ ಹೆಚ್ಚು ಸೀಸ ಕಟ್ಟಿದರೆ, ಅದನ್ನು ಸರಿದೂಗಿಸಲು ಚೀಲದಲ್ಲಿ ಹೆಚ್ಚುಕಡಿಮೆ 5 ಲೀಟರ್ ಗಾಳಿಯನ್ನು ಸದಾ ಹೊತ್ತು ತಿರುಗಬೇಕು. ಆ ಗಾಳಿ ಸುಮ್ಮನೆ ಕೂರುವುದಿಲ್ಲ. 10 ಮೀಟರಿನಲ್ಲಿ ಒತ್ತಡ 2 ಬಾರ್, 9 ಮೀಟರಿನಲ್ಲಿ 1.9. ಒಂದೇ ಒಂದು ಮೀಟರ್ ಏರಿದರೆ 5 ಲೀಟರ್ ಹಿಗ್ಗಿ 5.26 ಆಗುತ್ತದೆ, ಕಾಲು ಕಿಲೋದಷ್ಟು ಹೆಚ್ಚಿನ ಎತ್ತುವಿಕೆ. ಅದು ಇನ್ನಷ್ಟು ಮೇಲೇರಿಸುತ್ತದೆ, ಏರಿದಷ್ಟೂ ಇನ್ನಷ್ಟು ಹಿಗ್ಗುತ್ತದೆ. ಚೀಲದಲ್ಲಿ ಒಂದೇ ಲೀಟರ್ ಇದ್ದಿದ್ದರೆ ಅದೇ ಒಂದು ಮೀಟರಿಗೆ ಹೆಚ್ಚುವುದು 50 ಗ್ರಾಂ, ಒಂದು ಉಸಿರನ್ನು ತುಸು ಹೆಚ್ಚು ಹೊರಬಿಟ್ಟರೆ ಸರಿಹೋಗುವಷ್ಟು. ಆಳ ಕಡಿಮೆಯಾಗುತ್ತ ಬಂದಂತೆ ಆಟ ಇನ್ನೂ ಬಿರುಸು: 5 ಮೀಟರಿನಿಂದ 4ಕ್ಕೆ ಬಂದರೆ ಅದೇ 5 ಲೀಟರ್ 5.36 ಆಗುತ್ತದೆ. 5 ಮೀಟರಿನ ತಂಗುವಿಕೆಯಲ್ಲಿ ನಾನು ಪ್ರತಿಸಲ ಬಾವಿಯ ಕೊಡದಂತೆ ಏರಿಳಿಯುತ್ತಿದ್ದುದಕ್ಕೆ ನನ್ನ ಕೈಚಳಕದ ಕೊರತೆಯೇ ಕಾರಣ ಎಂದುಕೊಂಡಿದ್ದೆ. ಕಾರಣ ಸೀಸ. ಜೇಬು ಜಾರಿದ ಕ್ಷಣದಲ್ಲಿ ನನ್ನ ಚೀಲದಲ್ಲಿ ಅಷ್ಟೊಂದು ಗಾಳಿ ಇದ್ದದ್ದೂ ಅದರಿಂದಲೇ.

ಹಾಗಾದರೆ ಚೀಲಕ್ಕೆ ನಿಜವಾದ ಕೆಲಸ ಎಷ್ಟು? ಒಂದು, ಸಿಲಿಂಡರಿನ ಗಾಳಿಯ ತೂಕ. ಸಾಮಾನ್ಯವಾಗಿ ಸಿಗುವ 11.1 ಲೀಟರ್ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 200 ಬಾರ್ ತುಂಬಿದಾಗ ಸುಮಾರು 2,200 ಲೀಟರ್ ಗಾಳಿ ಇರುತ್ತದೆ, ಅದರ ತೂಕ ಎರಡೂವರೆ ಕಿಲೋಗೂ ಮಿಕ್ಕು. ಅದನ್ನು ಉಸಿರಾಡಿ ಮುಗಿಸಿದಂತೆ ನಾವು ಹಗುರಾಗುತ್ತೇವೆ. ತುಂಬಿದ್ದಾಗ ಮುಳುಗುವ ಆ ಸಿಲಿಂಡರ್ ಖಾಲಿಯಾದಾಗ ತೇಲುತ್ತದೆ. ಎರಡು, ವೆಟ್‌ಸೂಟಿನ ರಬ್ಬರಿನೊಳಗಿನ ಸಣ್ಣ ಗುಳ್ಳೆಗಳು ಆಳದಲ್ಲಿ ಕುಗ್ಗುವುದರಿಂದ ಕಳೆದುಹೋಗುವ ತೇಲುವಿಕೆ. ಇಷ್ಟೇ. ಉಳಿದದ್ದೆಲ್ಲ ನಾವೇ ಮೈಮೇಲೆ ಎಳೆದುಕೊಂಡ ಹೊರೆ. 1943ರಲ್ಲಿ ಫ್ರಾನ್ಸಿನ ಕುಸ್ಟೊ ಮತ್ತು ಗಾನ್ಯಾನ್ ನೀರಿನೊಳಗೆ ಉಸಿರಾಡುವ ತಮ್ಮ ಸಾಧನವನ್ನು ರೂಪಿಸಿದ ಕಾಲದಲ್ಲಿ ಡೈವರ್‌ಗಳ ಬೆನ್ನಿನಲ್ಲಿ ಇಂಥ ಚೀಲವೇ ಇರಲಿಲ್ಲ. ಸೀಸವನ್ನು ಅಳೆದು ಕಟ್ಟಿ, ಉಳಿದದ್ದನ್ನು ಉಸಿರಿನಿಂದಲೇ ಹೊಂದಿಸುತ್ತಿದ್ದರು. ಅವರ ಕಾಲಕ್ಕೆ ಮರಳೋಣ ಎಂದು ನಾನು ಹೇಳುತ್ತಿಲ್ಲ. ಚೀಲ ಬಂದ ಮೇಲೆ ಅಳೆಯುವ ಅಭ್ಯಾಸ ಹೋಯಿತು ಎಂಬುದಷ್ಟೇ ನನ್ನ ತಕರಾರು.

ನಾನು ಅಳೆದೆ, ತಡವಾಗಿಯಾದರೂ. ಸೂಟನ್ನು ಸುರುಳಿ ಸುತ್ತಿ, ಬಲೆಚೀಲಕ್ಕೆ ತುರುಕಿ, ನೀರಿನೊಳಗೆ ಹಿಂಡಿ ಗಾಳಿ ತೆಗೆದು, ಮುಳುಗುವವರೆಗೆ ಒಂದೊಂದೇ ಸೀಸ ಹಾಕುತ್ತ ಹೋದೆ: 5 ಕಿಲೋ. ಆಮೇಲೆ 50 ಬಾರ್ ಮಾತ್ರ ಉಳಿದ ಸಿಲಿಂಡರ್ ಹೊತ್ತು, ಚೀಲವನ್ನು ಪೂರ್ತಿ ಬರಿದು ಮಾಡಿ, ಸಾಧಾರಣ ಉಸಿರಿನಲ್ಲಿ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲುವಂತೆ ಸೀಸ ಕಳೆಯುತ್ತ ಬಂದೆ. ಕೊನೆಗೆ ಉಳಿದದ್ದು ಐದೇ ಕಿಲೋ. ಸಮುದ್ರದಲ್ಲಿ ಅಳೆದ ಈ ಅಂಕಿ ಸಿಹಿನೀರಿಗೆ ಹೊಂದುವುದಿಲ್ಲ. ಉಪ್ಪುನೀರು ಸಿಹಿನೀರಿಗಿಂತ ಶೇ 2.5ರಷ್ಟು ಹೆಚ್ಚು ಸಾಂದ್ರವಾದ್ದರಿಂದ, ಸಲಕರಣೆ ಸೇರಿ 100 ಕಿಲೋ ತೂಗುವವರಿಗೆ ಸಿಹಿನೀರಿನಲ್ಲಿ ಎರಡೂವರೆ ಕಿಲೋ ಕಡಿಮೆ ಸಾಕು. ಈಗ ಚೀಲದ ಲೆಕ್ಕ: ಸೂಟು ತನ್ನ ತೇಲುವಿಕೆಯನ್ನೆಲ್ಲ ಕಳೆದುಕೊಂಡಿತು ಎಂದೇ ಇಟ್ಟುಕೊಂಡರೂ 5, ಗಾಳಿಯ ತೂಕ ಸುಮಾರು 3, ಒಟ್ಟು 8 ಕಿಲೋ. ನೀರಿನ ಮೇಲೆ ತಲೆ ಎತ್ತಿ ನಿರಾಳವಾಗಿ ನಿಲ್ಲಲು ಇನ್ನೊಂದಿಷ್ಟು. ಅಂಗಡಿಯಲ್ಲಿ ನಾನು ಮೂಗು ಮುರಿದಿದ್ದ ಆ 13 ಕಿಲೋ ಚೀಲ ನನಗೆ ಧಾರಾಳ. 22 ಕಿಲೋದ್ದರಲ್ಲಿ ಉಳಿಯುವ ಖಾಲಿ ಮಡಿಕೆಗಳು ಗಾಳಿ ಅಡಗಿ ಕೂರುವ ಮೂಲೆಗಳು.

ಈ ಲೆಕ್ಕ ತಿಳಿದ ಮೇಲೆ ಕೊಳ್ಳುವ ಆತುರ ಇಳಿಯಿತು. ಮೂರೂ ಬಗೆಯವನ್ನು ಬಾಡಿಗೆಗೆ ತೆಗೆದುಕೊಂಡು ಇಳಿದೆ. ಸರಿಯಾದ ಅಳತೆಯ ಜಾಕೆಟ್ ನೀರಿನ ಮೇಲೆ ಕಾಯುವಾಗ ಹಾಯಾಗಿತ್ತು, ಪೂರ್ತಿ ಉಬ್ಬಿಸಿದಾಗ ಮಾತ್ರ ಪಕ್ಕೆ ಒತ್ತಿತು. ಬ್ಯಾಕ್ ಇನ್‌ಫ್ಲೇಟ್ ನೀರಿನೊಳಗೆ ಮಲಗಿದಂತೆ ಈಜಲು ಸಲೀಸು, ಮೇಲೆ ಬಂದಾಗ ಹೆಚ್ಚು ಉಬ್ಬಿಸಿದರೆ ಮುಖವನ್ನು ಮುಂದಕ್ಕೆ ತಳ್ಳುತ್ತದೆ. ಗಾಳಿ ಕಡಿಮೆ ಮಾಡಿ ಹಿಂದಕ್ಕೆ ಒರಗಿದರೆ ಸುಮ್ಮನಾಗುತ್ತದೆ. ಇನ್ನು ಬ್ಯಾಕ್‌ಪ್ಲೇಟ್. ಇದನ್ನು ಬಳಸುವವರಲ್ಲಿ ಕೆಲವರು ಮತಾಂತರ ಮಾಡಿಸಲು ಬಂದವರ ಹಾಗೆ ಮಾತನಾಡುತ್ತಾರೆ, ನಾನೂ ಇನ್ನೇನು ದೀಕ್ಷೆ ಪಡೆಯುವವನಿದ್ದೆ. ಒಳ್ಳೆಯದೇ, ಆದರೆ ಲೆಕ್ಕ ಅಲ್ಲಿಯೂ ತಪ್ಪುವುದಿಲ್ಲ. ಸ್ಟೀಲ್ ಫಲಕವೊಂದೇ ಎರಡೂವರೆಯಿಂದ ಮೂರು ಕಿಲೋ. ತೆಳು ಸೂಟು, ಸ್ಟೀಲ್ ಸಿಲಿಂಡರ್ ಜೊತೆಗೆ ಅದನ್ನೂ ಹೊತ್ತರೆ, ಒಂದು ತುಣುಕು ಸೀಸವಿಲ್ಲದೆಯೂ ಭಾರ ಹೆಚ್ಚಾಗಿ, ಚೀಲ ಹರಿದರೆ ಬಿಸಾಡಲು ಏನೂ ಇಲ್ಲದ ಸ್ಥಿತಿ ಬರಬಹುದು.

ನೀವು ಕೊಳ್ಳಲು ಹೋದಾಗ ನಿಮ್ಮ ಸೂಟನ್ನು ಒಯ್ದು, ಅದನ್ನು ತೊಟ್ಟೇ ಅಳತೆ ನೋಡಿ. ಪೂರ್ತಿ ಉಬ್ಬಿಸಿ ದೀರ್ಘವಾಗಿ ಉಸಿರೆಳೆಯಿರಿ. ಯಾರಿಗಾದರೂ ಹೇಳಿ ಭುಜದ ಪಟ್ಟಿಗಳನ್ನು ಮೇಲಕ್ಕೆ ಎಳೆಸಿ. ಕಿವಿಯವರೆಗೆ ಬಂದರೆ ಅಲ್ಲಿಯೇ ಬಿಟ್ಟು ಬನ್ನಿ. ಕಣ್ಣು ಮುಚ್ಚಿ ಎಲ್ಲ ಡಂಪ್ ವಾಲ್ವ್‌ಗಳನ್ನೂ ಕೈಯಿಂದಲೇ ಹುಡುಕಿ. ತೂಕದ ಜೇಬಿಗೆ ಸೀಸ ತುಂಬಿ ಕುಲುಕಿ, ಜಗ್ಗಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಬಳಸಿದ್ದನ್ನು ಕೊಳ್ಳುವುದಾದರೆ ಗಟ್ಟಿಯಾಗಿ ಉಬ್ಬಿಸಿ ರಾತ್ರಿಯಿಡೀ ಇಟ್ಟು ನೋಡಿ, ಗಾಳಿ ತುಂಬುವ ಇನ್‌ಫ್ಲೇಟರ್ ಗುಂಡಿ ಅಂಟುತ್ತದೆಯೇ ಎಂದು ಹತ್ತಾರು ಸಲ ಒತ್ತಿ. ಉಪ್ಪು ಕಟ್ಟಿದ ಗುಂಡಿ ಒಳಗೇ ಸಿಕ್ಕಿಕೊಂಡರೆ ಚೀಲ ತಾನಾಗಿಯೇ ತುಂಬುತ್ತ ಹೋಗುತ್ತದೆ. ಆಗ ಗಾಳಿಯ ಕೊಳವೆಯನ್ನು ಕಿತ್ತು ಬಿಡಿಸುವುದನ್ನು ಕೈ ಮೊದಲೇ ಕಲಿತಿರಬೇಕು, ಕೈಗವಸು ತೊಟ್ಟೂ ಸಹ.

ಈಗ ನನ್ನ ಬಳಿ ಇರುವುದು ಬ್ಯಾಕ್ ಇನ್‌ಫ್ಲೇಟ್, ಎರಡು ಉಂಗುರದ್ದು. ಎರಡು ಕಿಲೋ ಸಿಲಿಂಡರಿನ ಪಟ್ಟಿಯಲ್ಲಿ, ಮೂರು ಕಿಲೋ ಸೊಂಟದ ಬೆಲ್ಟಿನಲ್ಲಿ. ಹಳೆಯ ಜಾಕೆಟ್ ನನಗಿಂತ ಒಂದು ಗೇಣು ಎತ್ತರದ, ದಪ್ಪ ಸೂಟು ತೊಟ್ಟು ತಣ್ಣೀರಿನಲ್ಲಿ ಇಳಿಯುವ ಒಬ್ಬರ ಪಾಲಾಯಿತು. ಅವರಿಗೆ ಅಳತೆ ಮಾಡಿಸಿದಂತೆ ಕೂತಿತು. ನಡೆದದ್ದನ್ನೆಲ್ಲ ಹೇಳಿಯೇ ಕೊಟ್ಟೆ. ತೂಕದ ಜೇಬು ಒಂದೇ ಇದೆಯಲ್ಲ ಎಂದು ಕೇಳಿದರು. ಇನ್ನೊಂದು, ಐದು ಕಿಲೋ ಸೀಸದ ಸಮೇತ, ಆ ಬಂಡೆಯ ಬಳಿಯೇ ಎಲ್ಲೋ ಇರಬೇಕು.