ಬಿಬಿಸಿ ಮೈಕ್ರೊಗೆ ಆರ್‌ಜಿಬಿಟುಎಚ್‌ಡಿಎಂಐ: ಮೂರು ವರ್ಷ ಬಳಸಿದ ಮೇಲೆ

ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಎಂಬ ಬ್ರಿಟಿಷ್ ಕಂಪ್ಯೂಟರ್ ಬಂತು. ನಾನು ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತಿದ್ದು ಅದರಲ್ಲೇ. ಅದಕ್ಕೇ ಹಳೆಯದೊಂದನ್ನು ಹುಡುಕಿ ಕೊಂಡು, ರಿಪೇರಿ ಮಾಡಿಸಿದೆ. ಯಂತ್ರ ಎದ್ದಿತು. ಅದಕ್ಕೆ ಒಗ್ಗುವ ಮಾನಿಟರ್ ಮಾತ್ರ ಮನೆಯಲ್ಲಿ ಇರಲಿಲ್ಲ. ಆ ಕೊರತೆ ನೀಗಿಸಿದ್ದು ಆರ್‌ಜಿಬಿಟುಎಚ್‌ಡಿಎಂಐ, ಮೈಕ್ರೊದ ಚಿತ್ರವನ್ನು ಈಗಿನ ಎಚ್‌ಡಿಎಂಐ ಪರದೆಗೆ ಒಗ್ಗಿಸುವ ಬೋರ್ಡು.

ಮೈಕ್ರೊ ಸೆಕೆಂಡಿಗೆ ಚಿತ್ರದ ಸುಮಾರು 15,625 ಗೆರೆ ಕಳಿಸುತ್ತದೆ. ಈಗಿನ ಹೆಚ್ಚಿನ ಮಾನಿಟರ್‌ಗಳ ವಿಜಿಎ ಕಿಂಡಿಗೆ ಅದರ ಎರಡರಷ್ಟಾದರೂ ಬೇಕು. ಟಿವಿಗೆ ಕಾಂಪೊಸಿಟ್ ವೈರ್ (ಇಡೀ ಚಿತ್ರವನ್ನು ಒಂದೇ ತಂತಿಯಲ್ಲಿ ಕಳಿಸುವಂಥದ್ದು) ಹಾಕಿದರೆ ಚಿತ್ರವೇನೋ ಬರುತ್ತದೆ, ಆದರೆ ಕಪ್ಪು ಬಿಳುಪು. ಮೊದಲು ಒಂದು ಅಗ್ಗದ ಕನ್ವರ್ಟರ್ ಬೋರ್ಡ್ ತಂದಿದ್ದೆ. ಅಕ್ಷರಗಳ ಅಂಚೆಲ್ಲ ಕಲಸಿಹೋಗಿ, ಅರ್ಧ ಗಂಟೆಗೇ ಕಣ್ಣು ನೋಯುತ್ತಿತ್ತು.

ಆಮೇಲೆ ಸಿಕ್ಕಿದ್ದು ಆರ್‌ಜಿಬಿಟುಎಚ್‌ಡಿಎಂಐ. ರಾಸ್ಪ್‌ಬೆರಿ ಪೈ ಝೀರೊ ಎಂಬ ಚಿಕ್ಕ ಕಂಪ್ಯೂಟರ್ ಜೊತೆ ಕೂರುವ ಪುಟ್ಟ ಬೋರ್ಡು. ಮೈಕ್ರೊದ ಆರ್‌ಜಿಬಿ ಕಿಂಡಿಯಲ್ಲಿ ಕೆಂಪು, ಹಸಿರು, ನೀಲಿ ಮೂರೂ ಡಿಜಿಟಲ್. ಬಣ್ಣ ಇದೆ, ಇಲ್ಲವೇ ಇಲ್ಲ, ಅಷ್ಟೇ. ಒಟ್ಟು ಎಂಟೇ ಬಣ್ಣ. ಸರಿಯಾದ ಕ್ಷಣಕ್ಕೆ ಓದಿಕೊಂಡರೆ ಒಂದು ಚುಕ್ಕೆಯೂ ಕೆಡಬೇಕಾಗಿಲ್ಲ ಅಲ್ವಾ? ಹೆಚ್ಚಿನ ಅಗ್ಗದ ಬೋರ್ಡುಗಳು ಇದನ್ನು ಅನಲಾಗ್ (ಸ್ವಲ್ಪ ಸ್ವಲ್ಪವಾಗಿ ಏರಿಳಿಯುವ ಸಂಕೇತ) ಅಂದುಕೊಂಡು ಓದುತ್ತವೆ. ಇದು ಡಿಜಿಟಲ್ ಆಗಿಯೇ ಓದುತ್ತದೆ.

ಮೈಕ್ರೊ ಪರದೆ ತೋರಿಸುವ ಬಗೆಗಳಿಗೆ ಮೋಡ್ ಅನ್ನುತ್ತಾರೆ. ನನಗೆ ತುಂಬಾ ಮುಖ್ಯವಾದದ್ದು ಮೋಡ್ 7. ಯಂತ್ರ ಆನ್ ಮಾಡಿದೊಡನೆ ಬರುವ ಟೆಲಿಟೆಕ್ಸ್ಟ್ (ಹಿಂದೆ ಟಿವಿಯಲ್ಲಿ ಬರುತ್ತಿದ್ದ ಅಕ್ಷರ ಪುಟ) ಥರದ ಪರದೆ ಅದು, 40 ಅಕ್ಷರ, 25 ಸಾಲು. ಅದರ ಅಕ್ಷರ ಬಿಡಿಸಲು ಬೇರೆಯದೇ ಚಿಪ್ ಇದೆ. ಉಳಿದ ಮೋಡ್‌ಗಳ ಚುಕ್ಕೆಗಳಿಗೆ 16 ಮೆಗಾಹರ್ಟ್ಸ್ (ಸೆಕೆಂಡಿಗೆ 1.6 ಕೋಟಿ ಸಲ ಓದುವ) ಲೆಕ್ಕವಾದರೆ ಇದಕ್ಕೆ 12. ಮೇಲೆ ಇಂಟರ್‌ಲೇಸ್ ಬೇರೆ, ಅಂದರೆ ಒಂದು ಸಲ ಬೆಸ ಗೆರೆ, ಇನ್ನೊಂದು ಸಲ ಸಮ ಗೆರೆ. ಸಾಮಾನ್ಯ ಕನ್ವರ್ಟರ್‌ಗಳು ಸೋಲುವುದು ಇಲ್ಲೇ. ಇದು ಮೋಡ್ ಬದಲಾದದ್ದನ್ನು ತಾನೇ ಗುರುತಿಸಿ ಲೆಕ್ಕ ಬದಲಿಸಿಕೊಳ್ಳುತ್ತದೆ. ಮೊದಲ ದಿನ ಆ ದುಂಡನೆಯ ಅಕ್ಷರಗಳು ನಡುಗದೆ ನಿಂತಿದ್ದನ್ನು ಕಂಡು ಸುಮ್ನೆ ನೋಡುತ್ತಾ ಕೂತಿದ್ದೆ.

ಮೂರು ವರ್ಷದಲ್ಲಿ ಕಲಿತದ್ದು ಸ್ವಲ್ಪ ಇದೆ. ಕ್ಯಾಲಿಬ್ರೇಶನ್ (ಬೋರ್ಡು ಚುಕ್ಕೆ ಓದುವ ಕ್ಷಣವನ್ನು ಯಂತ್ರಕ್ಕೆ ಹೊಂದಿಸುವುದು) ಬಿಡಬೇಡಿ. ಯಂತ್ರ ಹತ್ತು ನಿಮಿಷ ಓಡಿ ಬಿಸಿಯಾದ ಮೇಲೆ ಮಾಡಿ, ಇಲ್ಲದಿದ್ದರೆ ಅಲ್ಲಲ್ಲಿ ಚುಕ್ಕೆಗಳು ಮಿಣುಕಬಹುದು. ಚಿತ್ರ 4:3 ಇರಲಿ, ಅಗಲಕ್ಕೆ ಎಳೆದರೆ ವೃತ್ತ ಮೊಟ್ಟೆಯಾಗುತ್ತದೆ. ಹಳೆಯ ಪವರ್ ಸಪ್ಲೈ ಇದ್ದರೆ ಅದರ ಫಿಲ್ಟರ್ ಕೆಪ್ಯಾಸಿಟರ್‌ಗಳನ್ನು ಮೊದಲೇ ಬದಲಿಸಿ. ವಯಸ್ಸಾದ ಮೇಲೆ ಅವು ಸಿಡಿದು ಹೊಗೆ ತುಂಬಿಸುವುದು ಜಾಸ್ತಿ.

ಮೈಕ್ರೊದ ಚಿತ್ರ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಹೊಸದಾಗುತ್ತದೆ. ನನ್ನ ಮೊದಲ ಮಾನಿಟರ್ 60 ಮಾತ್ರ ಒಪ್ಪುತ್ತಿತ್ತು, ಆಟಗಳಲ್ಲಿ ಪರದೆ ಸರಿಯುವಾಗ ಜರ್ಕ್ ಹೊಡೆಯುತ್ತಿತ್ತು. ಬೋರ್ಡನ್ನು ಬೈದುಕೊಂಡು ಎರಡು ವಾರ ಕಳೆದೆ. 50 ಒಪ್ಪುವ ಮಾನಿಟರ್‌ಗೆ ಹಾಕಿದ ಸಂಜೆಯೇ ಆ ಜರ್ಕ್ ನಿಂತಿತು.