ಸಿಮ್ಯುಲೇಟರ್, ಗೋ-ಕಾರ್ಟ್, ಲ್ಯಾಂಬೊರ್ಗಿನಿ: ಮೈಗೆ ಕೆಲಸ ಕೊಡುವ ಸೀಟು ಯಾವುದು?

ರೇಸ್ ಡ್ರೈವರ್ ಕೂತಲ್ಲೇ ಕೂತಿರುತ್ತಾನೆ, ಅವನಿಗ್ಯಾಕೆ ಕಸರತ್ತು? ಕಲಬುರಗಿಯಲ್ಲಿ ನನ್ನ ಜೊತೆ ರೇಸ್ ನೋಡುವವರೆಲ್ಲ ಒಂದಲ್ಲ ಒಂದು ಸಲ ಈ ಮಾತು ಕೇಳಿಯೇ ಕೇಳಿದ್ದಾರೆ. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅದಕ್ಕೇ ನಾನು ಕೂತು ನೋಡಿದ ಮೂರು ಸೀಟುಗಳನ್ನು ಇಲ್ಲಿ ಪಕ್ಕಪಕ್ಕ ಇಡುತ್ತಿದ್ದೇನೆ. ಒಂದು, ನಮ್ಮೂರಿನ ಗೇಮಿಂಗ್ ಸೆಂಟರಿನ ಸಿಮ್ಯುಲೇಟರ್. ಇನ್ನೊಂದು, ಹೈದರಾಬಾದಿನ ಬಾಡಿಗೆ ಗೋ-ಕಾರ್ಟ್, ಅಂದರೆ ಪುಟ್ಟ ರೇಸ್ ಗಾಡಿ. ಮೂರನೆಯದು, ಭಾವನ ಗೆಳೆಯರೊಬ್ಬರ ಲ್ಯಾಂಬೊರ್ಗಿನಿ ಹುರಕಾನ್. ಮೂರಕ್ಕೂ ಅಳತೆ ಒಂದೇ: ಇಳಿದ ಮೇಲೆ ಮೈ ಎಲ್ಲಿ ನೋಯಿತು, ಯಾಕೆ ನೋಯಿತು.

ಮೊದಲು ನಿಜವಾದ ಡ್ರೈವರ್‌ಗಳ ಲೆಕ್ಕ ಹೇಳಿಬಿಡುತ್ತೇನೆ. ಮನುಷ್ಯನ ತಲೆ ಸುಮಾರು 5 ಕೆಜಿ ತೂಗುತ್ತದೆ. ಹೆಲ್ಮೆಟ್ ಸೇರಿದರೆ ಆರೂವರೆ ಅಂದುಕೊಳ್ಳಿ. ಫಾರ್ಮುಲಾ ಒನ್ ಕಾರು ಜೋರಾದ ತಿರುವಿನಲ್ಲಿ ಹೋಗುವಾಗ 5 ಜಿ (ಭೂಮಿಯ ಎಳೆತದ ಐದು ಪಟ್ಟು) ಬಲ ಬೀಳುತ್ತದೆ. ಅಂದರೆ ಆ ಆರೂವರೆ ಕೆಜಿ ಐದು ಪಟ್ಟಾಗಿ ತಲೆಯನ್ನು ಪಕ್ಕಕ್ಕೆ ಎಳೆಯುತ್ತದೆ. ಅರ್ಧ ಚೀಲಕ್ಕಿಂತ ಜಾಸ್ತಿ ತೊಗರಿಯನ್ನು ಕಿವಿಗೆ ಕಟ್ಟಿ ಜಗ್ಗಿದ ಹಾಗೆ! ಇದು ಒಂದು ತಿರುವಿನ ಕಥೆಯಲ್ಲ, ಒಂದೂವರೆ ತಾಸು ಸುತ್ತು ಸುತ್ತಿಗೂ ಇದೇ. ಬ್ರೇಕ್ ಪೆಡಲ್‌ನ್ನು ಎಡಗಾಲಿನಿಂದ 100 ಕೆಜಿಗೂ ಮೀರಿದ ಬಲದಲ್ಲಿ ತುಳಿಯಬೇಕು. ಎದೆಬಡಿತ ನಿಮಿಷಕ್ಕೆ 150 ದಾಟಿ ಅಲ್ಲೇ ಇರುತ್ತದೆ. ಕೂತಿರುವುದು ಅಂದರೆ ಇದು.

ಸಿಮ್ಯುಲೇಟರ್ ವಿಷಯ ಬೇಗ ಮುಗಿಯುತ್ತದೆ. ಎಸಿ ರೂಮು, ದೊಡ್ಡ ಪರದೆ, ಕೈಗೆ ತಿರುಗಿ ಒದೆಯುವ ಸ್ಟೀರಿಂಗ್. ತಾಸಿನ ಬಾಡಿಗೆ ಕಾಲೇಜು ಹುಡುಗರಿಗೂ ಆಗಿಬರುತ್ತದೆ. ಎಲ್ಲಿ ಬ್ರೇಕ್ ಹಾಕಬೇಕು, ತಿರುವಿನ ಒಳಅಂಚನ್ನು ಯಾವಾಗ ಮುಟ್ಟಬೇಕು, ಇದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಕಡೆ ಇಲ್ಲ. ಮ್ಯಾಕ್ಸ್ ವರ್ಸ್ಟಾಪನ್ ಅಂಥ ಚಾಂಪಿಯನ್ನೇ ಬಿಡುವಿದ್ದಾಗ ಸಿಮ್ ರೇಸ್ ಆಡುತ್ತಾರೆ. ಆದರೆ ಕುರ್ಚಿ ಅಲುಗುವುದಿಲ್ಲ, ಕುತ್ತಿಗೆಗೆ ಕೆಲಸವೇ ಇಲ್ಲ. ಇಳಿದಾಗ ಕಣ್ಣು ಉರಿಯಿತು, ಅಷ್ಟೇ.

ಗೋ-ಕಾರ್ಟ್‌ಗೆ ಹುಮನಾಬಾದ್, ಜಹೀರಾಬಾದ್ ದಾಟಿ ಸುಮಾರು 220 ಕಿಮೀ ಹೋಗಬೇಕು. ಹೋಗಲೇಬೇಕು ಅನ್ನುತ್ತೇನೆ ನಾನು. ನೋಡಲು ಆಟದ ಸಾಮಾನು. ಬಾಡಿಗೆ ಕಾರ್ಟ್‌ನ ವೇಗ ಗಂಟೆಗೆ 50, 60 ಕಿಮೀ. ನಮ್ಮ ಸ್ಕೂಟರ್ ಇದಕ್ಕಿಂತ ಜೋರಾಗಿ ಓಡುತ್ತದೆ. ಹಾಗಂತ ಕೂತವರಿಗೆ ಎರಡನೇ ಸುತ್ತಿನಲ್ಲೇ ಗೊತ್ತಾಗುತ್ತದೆ.

ಕಾರಣ ಕಾರ್ಟ್ ಕಟ್ಟಿರುವ ರೀತಿಯಲ್ಲಿದೆ. ಸಸ್ಪೆನ್ಷನ್ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ, ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಬಿಗಿಯಾಗಿ ಸೇರಿರುತ್ತವೆ, ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಆದರೆ ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕಲ್ವಾ? ಅದಕ್ಕೆ ಒಳಗಿನ ಹಿಂಚಕ್ರ ನೆಲದಿಂದ ಸ್ವಲ್ಪ ಮೇಲೇಳಬೇಕು. ಏಳದಿದ್ದರೆ ಕಾರ್ಟ್ ತಿರುಗಲು ಒಪ್ಪದೆ ನೆಟ್ಟಗೆ ಹೋಗಲು ನೋಡುತ್ತದೆ. ಸ್ಟೀರಿಂಗ್ ಗಟ್ಟಿಯಾಗಿ ತಿರುಗಿಸಿದಾಗಲೇ ಆ ಚಕ್ರ ಏಳುವುದು. ಅಂದರೆ ಪ್ರತಿ ತಿರುವಿನಲ್ಲೂ ಆ ಗಾಡಿಯ ಒಂದು ಮೂಲೆಯನ್ನು ಎತ್ತುವವರು ನೀವೇ, ನಿಮ್ಮ ಮುಂಗೈ ಬಲದಿಂದ.

ಹತ್ತು ನಿಮಿಷದ ಒಂದು ಸರದಿ ಮುಗಿಸಿ ಇಳಿದೆ. ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಬೆರಳು ಮಡಚಲಿಲ್ಲ. ಪಕ್ಕದಲ್ಲಿದ್ದ ಹುಡುಗ ತೆಗೆದುಕೊಟ್ಟ. ರಾತ್ರಿ ಅಂಗಿ ಬಿಚ್ಚಿ ನೋಡಿದರೆ ಎಡ ಪಕ್ಕೆಯ ಮೇಲೆ ಸೀಟಿನ ಅಂಚು ಕೂತ ಜಾಗದಲ್ಲಿ ನೀಲಿ ಗೆರೆ. ಎಡಗಡೆ ಮಾತ್ರ. ಆ ಟ್ರ್ಯಾಕ್ ಗಡಿಯಾರದ ದಿಕ್ಕಿನಲ್ಲಿ ಸುತ್ತುತ್ತದೆ, ಬಲ ತಿರುವು ಜಾಸ್ತಿ, ಹಾಗಾಗಿ ಮೈ ಎಡಕ್ಕೇ ಹೋಗಿ ಬೀಳುತ್ತದೆ. ಫಾರ್ಮುಲಾ ಒನ್‌ನ ಹೆಚ್ಚಿನ ಟ್ರ್ಯಾಕ್‌ಗಳೂ ಹೀಗೇ ಸುತ್ತುವುದು. ಬ್ರೆಜಿಲ್‌ನ ಇಂಟರ್‌ಲಾಗೋಸ್ ಉಲ್ಟಾ ಸುತ್ತುತ್ತದೆ, ಅಲ್ಲಿ ಪಳಗಿದವರ ಕುತ್ತಿಗೆಯೂ ನೋಯುತ್ತದೆ. 1991ರಲ್ಲಿ ಅದೇ ಟ್ರ್ಯಾಕ್‌ನಲ್ಲಿ ಐರ್ಟನ್ ಸೆನ್ನಾ ಗೇರ್‌ಬಾಕ್ಸ್ ಕೈಕೊಟ್ಟು ಕೊನೆಯ ಸುತ್ತುಗಳನ್ನು ಆರನೇ ಗೇರೊಂದರಲ್ಲೇ ಓಡಿಸಿ ಗೆದ್ದರು. ತಾಯ್ನಾಡಿನಲ್ಲಿ ಅವರ ಮೊದಲ ಗೆಲುವು ಅದು. ಕಾರಿನಿಂದ ಅವರನ್ನು ಎತ್ತಿ ಇಳಿಸಬೇಕಾಯಿತು. ಭುಜ ಹಿಡಿದುಕೊಂಡು ಕಪ್ ಎತ್ತಲು ಒದ್ದಾಡಿದರು. ಆ ವಿಡಿಯೊ ಮೊದಲೂ ನೋಡಿದ್ದೆ. ಕಾರ್ಟ್‌ನಿಂದ ಇಳಿದ ಮೇಲೆ ನೋಡಿದಾಗ ನನ್ನ ಮುಂಗೈ ತಾನಾಗೇ ಬಿಗಿಯಾಯಿತು.

ಸೆನ್ನಾ, ಶೂಮಾಕರ್, ಹ್ಯಾಮಿಲ್ಟನ್, ವರ್ಸ್ಟಾಪನ್, ಎಲ್ಲರೂ ಕಾರ್ಟ್‌ನಿಂದಲೇ ಬಂದವರು. ನಮ್ಮ ಬೆಂಗಳೂರಿನ ಕುಶ್ ಮೈನಿಯೂ ಅಷ್ಟೇ. 2025ರಲ್ಲಿ ಮೊನಾಕೊದಲ್ಲಿ ಎಫ್2 (ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನದು) ಸ್ಪ್ರಿಂಟ್ ರೇಸ್ ಗೆದ್ದರಲ್ಲ, ಆ ಎಫ್2 ಕಾರಿಗೂ ಪವರ್ ಸ್ಟೀರಿಂಗ್ ಇಲ್ಲ. ಮೊನಾಕೊದ ಆ ಇಕ್ಕಟ್ಟಾದ ಬೀದಿಗಳಲ್ಲಿ ಅದನ್ನು ತಿರುಗಿಸಿದ ತೋಳು ಎಂಥದ್ದಿರಬೇಕು ಯೋಚಿಸಿ.

ಈಗ ಹುರಕಾನ್. ಬೆಳಗಿನ ಜಾವ, ಹೈದರಾಬಾದ್ ಔಟರ್ ರಿಂಗ್ ರೋಡ್. ಒಟ್ಟು 158 ಕಿಮೀ ಉದ್ದದ ರಸ್ತೆ, ವೇಗದ ಮಿತಿ 120. ಒಂದಷ್ಟು ದೂರ ಭಾವನ ಗೆಳೆಯರು ಓಡಿಸಿದರು, ಆಮೇಲೆ "ನೀನೂ ಕೂಡು ಬಾ" ಅಂತ ಸೀಟು ಬಿಟ್ಟುಕೊಟ್ಟರು. ಕಾರಿನ ಪೂರ್ತಿ ಹೆಸರು ಹುರಕಾನ್ ಎಲ್‌ಪಿ 610-4, ಅದರಲ್ಲೇ 610 ಅಂತ ಇದೆ, ಅದು ಅದರ ಕುದುರೆಶಕ್ತಿ. 5.2 ಲೀಟರ್‌ನ ವಿ10 ಎಂಜಿನ್ ತಲೆಯ ಹಿಂದೆಯೇ ಇರುತ್ತದೆ. ಸೊನ್ನೆಯಿಂದ 100ಕ್ಕೆ 3.2 ಸೆಕೆಂಡು.

ಆ ಮೂರು ಸೆಕೆಂಡು ಬೆನ್ನು ಸೀಟಿಗೆ ಅಂಟಿತು, ಹೊಟ್ಟೆ ಹಿಂದೆ ಉಳಿದುಕೊಂಡಂತಾಯಿತು. ಲೆಕ್ಕ ಹಾಕಿದರೆ ಅದು ಸುಮಾರು 0.9 ಜಿ. ಆದರೆ ಗಮನಿಸಿ, ಮುಂದಕ್ಕೆ ಹಾರುವಾಗ ತಲೆಯನ್ನು ಹಿಡಿಯುವುದು ಹೆಡ್‌ರೆಸ್ಟ್. ಕುತ್ತಿಗೆಗೆ ಅಲ್ಲಿ ಕೆಲಸವಿಲ್ಲ. ಕುತ್ತಿಗೆ ದುಡಿಯುವುದು ಬ್ರೇಕ್ ಹಾಕಿದಾಗ ಮತ್ತು ತಿರುವಿನಲ್ಲಿ. ಊರ ರಸ್ತೆಯಲ್ಲಿ ಮರ್ಯಾದೆಯಿಂದ ಓಡಿಸುವವರಿಗೆ ಅವೆರಡೂ ಆ ಮಟ್ಟಕ್ಕೆ ಬರುವುದೇ ಇಲ್ಲ. ಸ್ಟೀರಿಂಗ್ ಎರಡು ಬೆರಳಲ್ಲಿ ತಿರುಗುತ್ತದೆ. ಬ್ರೇಕ್ ಪೆಡಲ್ ಹಗುರ. ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಇದೆ, ವೇಗ ಹೆಚ್ಚಿಸುವಾಗ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇದೆ. ಈ ಎರಡೂ ಫಾರ್ಮುಲಾ ಒನ್‌ನಲ್ಲಿ ಇಲ್ಲ. ಎಬಿಎಸ್‌ಗೆ 1994ರಲ್ಲಿ ನಿಷೇಧ ಬಂತು, ಟ್ರ್ಯಾಕ್ಷನ್ ಕಂಟ್ರೋಲ್‌ಗೆ 2008ರಲ್ಲಿ. ಅಲ್ಲಿ ಆ ಕೆಲಸ ಡ್ರೈವರ್‌ನ ಕಾಲು ಮಾಡಬೇಕು. ಸೂಪರ್‌ಕಾರ್ ಕಟ್ಟುವವರ ಜಾಣತನವೆಲ್ಲ ಕೂತವರ ಮೈಗೆ ಶ್ರಮ ತಾಗದಂತೆ ನೋಡಿಕೊಳ್ಳುವುದರಲ್ಲಿದೆ. ಇಳಿದಾಗ ನನ್ನ ಮೈ ಎಲ್ಲೂ ನೋಯಲಿಲ್ಲ.

ಹಾಗಾದರೆ ಅದರ ಮೋಹ ಸುಳ್ಳಾ? ಖಂಡಿತ ಅಲ್ಲ. ಆ ಸದ್ದು! ಟರ್ಬೊ ಇಲ್ಲದ ಹತ್ತು ಸಿಲಿಂಡರ್ ಕೆಳಗಿನ ಗೇರಿನಲ್ಲಿ ಏರುತ್ತಾ ಹೋಗುವಾಗ ಮೊದಲು ಗುರ್ ಅನ್ನುತ್ತದೆ, ಆಮೇಲೆ ದನಿ ತೆಳ್ಳಗಾಗುತ್ತದೆ, ಕೊನೆಗೆ ಸೀಟಿನ ಮೂಲಕ ಬೆನ್ನುಮೂಳೆಗೇ ಬರುತ್ತದೆ. ನನ್ನ ಕಣ್ಣಲ್ಲಿ ನೀರು ಬಂತು, ಹೇಳಲು ಸಂಕೋಚವಿಲ್ಲ. 1966ರ ಮಿಯುರಾದಿಂದ ಲ್ಯಾಂಬೊರ್ಗಿನಿ ತನ್ನ ಸೂಪರ್‌ಕಾರ್‌ಗಳಲ್ಲಿ ಎಂಜಿನ್ನನ್ನು ಡ್ರೈವರ್‌ನ ಬೆನ್ನ ಹಿಂದೆ ಇಡುತ್ತಾ ಬಂದಿದೆ, ಈ ಸುಖ ಅಲ್ಲಿಂದಲೇ ಶುರು. ಹುರಕಾನ್ 2024ಕ್ಕೆ ನಿಂತಿತು. ಅದರ ಜಾಗಕ್ಕೆ ಬಂದ ಟೆಮೆರಾರಿಯೊದಲ್ಲಿ ಟರ್ಬೊ ಇರುವ ವಿ8 ಮತ್ತು ಬ್ಯಾಟರಿ. ವೇಗ ಇನ್ನೂ ಜಾಸ್ತಿ. ಆ ಹತ್ತರ ದನಿ ಮಾತ್ರ ಅದರಲ್ಲಿಲ್ಲ. ಸಿಕ್ಕರೆ ಈಗಲೇ ಕೇಳಿಬಿಡಿ. ಕಾರನ್ನು ಕಲಬುರಗಿಗೆ ಒಮ್ಮೆ ತನ್ನಿ ಅಂತ ಭಾವನ ಗೆಳೆಯರಿಗೆ ಅಂದೆ. ಮೂತಿ ಎತ್ತುವ ಬಟನ್ ತೋರಿಸಿ, "ನಿಮ್ಮೂರಾಗ ಇದನ್ನ ಒತ್ತಿಕೊಂಡೇ ಓಡಿಸಬೇಕಾಗ್ತದ" ಅಂದರು. ನಮ್ಮ ಓಣಿಯ ಹಂಪ್ ನೋಡಿದವರು ಅವರು, ತಪ್ಪೇನಿಲ್ಲ.

ಕಾರ್ಟ್ ನನ್ನನ್ನು ಕಸರತ್ತಿನ ಕಡೆ ತಳ್ಳಿತು. ಅಲ್ಲೂ ಎರಡು ದಾರಿ ಹಿಡಿದು ನೋಡಿದೆ: ಮನೆ ಹತ್ತಿರದ ಜಿಮ್, ಮತ್ತು ಹಳೆಯ ತಾಲೀಮು, ಅಂದರೆ ಕುಸ್ತಿಯ ಗರಡಿಮನೆ. ಜಿಮ್‌ನಲ್ಲಿ ರಬ್ಬರ್ ಬ್ಯಾಂಡ್ ತಲೆಗೆ ಸುತ್ತಿ ಪಕ್ಕದಿಂದ ಎಳೆಯುತ್ತಾರೆ, ತಲೆ ಅಲುಗಿಸದೆ ನೆಟ್ಟಗೆ ಹಿಡಿಯಬೇಕು. ಡ್ರೈವರ್‌ಗಳ ತರಬೇತಿಯೂ ಇದೇ ಜಾತಿಯದು. ಅವರಿಗೆ ಬೇಕಾದದ್ದು ಎಳೆತದ ನಡುವೆ ತಲೆ ಅಲುಗದಿರುವುದು, ಕಣ್ಣು ದಾರಿ ಬಿಡದಿರುವುದು.

ತಾಲೀಮಿನಲ್ಲಿ ಪೈಲ್ವಾನರು ತಲೆ ನೆಲಕ್ಕಿಟ್ಟು ಮೈಯನ್ನು ಬಿಲ್ಲಿನಂತೆ ಬಗ್ಗಿಸುತ್ತಾರೆ, ಭಾರವೆಲ್ಲ ಕುತ್ತಿಗೆ ಮೇಲೆ. ನಾನೂ ಮಾಡುತ್ತೇನೆ ಅಂದಾಗ ಉಸ್ತಾದರು ತಡೆದರು. "ಯಾಕ್ ಅವಸರ ಮಾಡ್ಲಕತ್ತಿ ತಮ್ಮಾ? ಕುತ್ತಿಗಿ ಒಂದೇ ಅದ. ಮೊದ್ಲ ಮಣ್ಣು ಕೆದರು." ಗುದ್ದಲಿ ಹಿಡಿದು ಕಣದ ಕೆಂಪು ಮಣ್ಣು ಮೇಲೆ ಕೆಳಗೆ ಮಾಡುವುದು, ಆಮೇಲೆ ದಂಡ, ಬೈಠಕ್. ಮೊದಮೊದಲು ಬೇಸರವಾಗುತ್ತಿತ್ತು. ಮುಂದಿನ ಸಲ ಕಾರ್ಟ್‌ನಲ್ಲಿ ಕೂತಾಗ ಸ್ಟೀರಿಂಗ್ ಹಿಡಿತ ಸರದಿ ಮುಗಿಯುವವರೆಗೂ ಸಡಿಲವಾಗಲಿಲ್ಲ, ಬಾಟಲಿ ನಾನೇ ತೆಗೆದೆ. ಹಾಗಾಗಿ ನನ್ನ ತೀರ್ಪು ಹೀಗಿದೆ. ಕುತ್ತಿಗೆಗೆ ಜಿಮ್‌ನ ಬ್ಯಾಂಡ್, ಯಾಕೆಂದರೆ ಪಕ್ಕದ ಎಳೆತ ತಾಲೀಮಿನಲ್ಲಿ ಸಿಗುವುದಿಲ್ಲ. ಮುಂಗೈ, ಸೊಂಟ, ಉಸಿರಿಗೆ ತಾಲೀಮು. ಎಸಿ ಜಿಮ್‌ನ ಡಂಬೆಲ್‌ಗೆ ಆ ಗುದ್ದಲಿಯ ಯೋಗ್ಯತೆ ಇಲ್ಲ.

ಬಿಸಿಲಿನ ಮಾತು ಬಿಟ್ಟರೆ ಹೋಲಿಕೆ ಪೂರ್ತಿಯಾಗದು. ಸಿಂಗಾಪುರದ ರೇಸ್‌ಗೆ ಮುಂಚೆ ಡ್ರೈವರ್‌ಗಳು ಬಿಸಿ ಕೋಣೆಯಲ್ಲಿ ಕೂತು, ಸೈಕಲ್ ತುಳಿದು ಮೈಯನ್ನು ಸೆಕೆಗೆ ಒಗ್ಗಿಸುತ್ತಾರೆ. ನಮಗೆ ಮೇ ತಿಂಗಳಲ್ಲಿ ಬಾಗಿಲು ತೆಗೆದರೆ ಸಾಕು, 42 ಡಿಗ್ರಿ! ಅದೇ ತರಬೇತಿ ಅಂತ ನಾನು ಅಂದುಕೊಳ್ಳುವುದಿಲ್ಲ. ನಮ್ಮದು ಒಣ ಬಿಸಿ. ಬೆವರು ಬಂದ ಹಾಗೇ ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಸಿಂಗಾಪುರದ ಗಾಳಿಯಲ್ಲೇ ನೀರಿದೆ. ಮೇಲಿಂದ ಬೆಂಕಿ ತಡೆಯುವ ದಪ್ಪ ಸೂಟು, ಬೆವರು ಆರಲು ದಾರಿಯೇ ಇಲ್ಲ. ಅಲ್ಲಿ ಒಂದು ರೇಸ್‌ನಲ್ಲಿ 2, 3 ಕೆಜಿ ತೂಕ ಇಳಿಯುವುದುಂಟು. 2023ರ ಕತಾರ್ ರೇಸ್‌ನಲ್ಲಿ ಎಸ್ಟೆಬಾನ್ ಓಕಾನ್ ಹೆಲ್ಮೆಟ್ ಒಳಗೇ ವಾಂತಿ ಮಾಡಿಕೊಂಡು, ಹಾಗೇ ಓಡಿಸಿ ರೇಸ್ ಮುಗಿಸಿದರು. ಲೋಗನ್ ಸಾರ್ಜೆಂಟ್‌ಗೆ ನಿರ್ಜಲೀಕರಣವಾಗಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. 2025ರಿಂದ ಸೆಕೆ ಮಿತಿ ಮೀರುವ ರೇಸ್‌ಗಳಿಗೆ ಮೈ ತಂಪು ಮಾಡುವ ಒಳಅಂಗಿಯ ವ್ಯವಸ್ಥೆ ಬಂದಿದೆ. ಇಷ್ಟಾದ ಮೇಲೂ ಕೂತವನಿಗ್ಯಾಕೆ ಕಸರತ್ತು ಅನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ದುಡ್ಡು ಎಲ್ಲಿ ಹಾಕಬೇಕು? ರೇಸ್ ಅಂದರೇನು ಅಂತ ಮೈಯಲ್ಲಿ ತಿಳಿಯಬೇಕು ಅನ್ನುವವರಿಗೆ ಕಾರ್ಟ್, ಎರಡನೇ ಮಾತಿಲ್ಲ. ಮಕ್ಕಳಿಗೆ ವಾರದ ದಿನ ಸಿಮ್ಯುಲೇಟರ್, ರಜೆಯಲ್ಲಿ ಕಾರ್ಟ್. ಅಕ್ಕನ ಮಗನಿಗೆ ಹೀಗೇ ಮಾಡುತ್ತಿದ್ದೇವೆ, ಪರದೆಯ ಮೇಲೆ ಕಲಿತ ದಾರಿಯನ್ನು ಅವನು ಟ್ರ್ಯಾಕ್‌ನಲ್ಲಿ ನನಗಿಂತ ಬೇಗ ಹಿಡಿಯುತ್ತಾನೆ. ಸೂಪರ್‌ಕಾರ್‌ನಲ್ಲಿ ಕೂರುವ ಅವಕಾಶ ಸಿಕ್ಕರೆ ಬಿಡಬೇಡಿ, ಕಿಟಕಿ ಇಳಿಸಿಕೊಂಡೇ ಹೋಗಿ. ಕಾರ್ಟ್‌ಗೆ ಹೋಗುವವರು ಪಕ್ಕೆಗೆ ಕಟ್ಟುವ ಕವಚ ಇದೆಯಾ ಅಂತ ಕೌಂಟರಿನಲ್ಲೇ ಕೇಳಿ. ಕೈಗವಸು ಮಾತ್ರ ನಿಮ್ಮದೇ ಒಯ್ಯಿರಿ, ಬೆರಳು ಪೂರ್ತಿ ಮುಚ್ಚುವಂಥದ್ದು.