ಮೌಯಿ ದ್ವೀಪದ ‘ಶಿಖರದಿಂದ ಕಡಲಿಗೆ’ ಸೈಕಲ್ ಪ್ರವಾಸ: ಹಣ ಕಟ್ಟುವ ಮುನ್ನ ಇದನ್ನು ಓದಿ

ಹವಾಯಿಯ ಮೌಯಿ ದ್ವೀಪಕ್ಕೆ ಹೋಗುವವರು, ಅದರಲ್ಲೂ ಹಲೆಯಾಕಲಾ ಪರ್ವತದಿಂದ ಸೈಕಲ್‌ನಲ್ಲಿ ಇಳಿದುಬರುವ ಪ್ರವಾಸಕ್ಕೆ ಹಣ ಕಟ್ಟಬೇಕೆಂದಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು, ನನ್ನ ಹೆಂಡತಿ ಮತ್ತು ಆಕೆಯ ತಮ್ಮ, ಮೂವರೂ ಕಳೆದ ತಿಂಗಳು ತಲಾ 219 ಡಾಲರ್ ಕೊಟ್ಟು ಇಂಥದೊಂದು ಪ್ರವಾಸಕ್ಕೆ ಹೋಗಿದ್ದೆವು. ಹೇಳಿದ್ದರಲ್ಲಿ ಅರ್ಧವನ್ನೂ ಅವರು ಕೊಡಲಿಲ್ಲ, ನನ್ನ ಹೆಂಡತಿಯ ಮಣಿಕಟ್ಟು ಉಳುಕಿತು, ಅದರ ಮೇಲೆ ಸೈಕಲ್ ಹಾಳಾಯಿತೆಂದು 95 ಡಾಲರನ್ನೂ ನಮ್ಮ ಕಾರ್ಡಿನಿಂದ ಕಡಿದುಕೊಂಡರು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ, ಏಕೆಂದರೆ ಒಪ್ಪಂದದ ಕಾಗದಗಳನ್ನು ಓದಿ ತಪ್ಪು ಹುಡುಕುವುದು ನನ್ನ ಉದ್ಯೋಗದ ಭಾಗವೇ ಆಗಿದೆ. ಆದರೂ ಸುಮ್ಮನಿರಲು ಆಗುತ್ತಿಲ್ಲ.

ನಾವು ತಂಗಿದ್ದ ಹೋಟೆಲಿನ ಕೆಳಗೆ ಪ್ರವಾಸಗಳನ್ನು ಮಾರುವ ಒಂದು ಕೌಂಟರ್ ಇತ್ತು. ಅಲ್ಲಿದ್ದ ಚಿತ್ರಪಟದಲ್ಲಿ ಶಿಖರದ ಮೇಲೆ ಸೂರ್ಯ ಹುಟ್ಟುತ್ತಿರುವುದು, ಪಕ್ಕದಲ್ಲೇ ಸಾಲಾಗಿ ಸೈಕಲ್‌ಗಳು ನಿಂತಿರುವುದು, ಮೇಲೆ ದಪ್ಪಕ್ಷರದಲ್ಲಿ ‘ಶಿಖರದಿಂದ ಕಡಲಿಗೆ, ಮಾರ್ಗದರ್ಶಕರೊಂದಿಗೆ’ ಎಂದು ಬರೆದಿರುವುದು ಎಲ್ಲವೂ ಇತ್ತು. ನಾನು ಎರಡೇ ಪ್ರಶ್ನೆ ಕೇಳಿದೆ. ಸೈಕಲ್ ಸವಾರಿ ಶಿಖರದಿಂದಲೇ ಶುರುವಾಗುತ್ತದೆಯೇ? ಗೈಡ್ ನಮ್ಮ ಜೊತೆಯಲ್ಲೇ ಇಳಿದು ಬರುತ್ತಾರೆಯೇ? ನನ್ನ ಹೆಂಡತಿ ಸೈಕಲ್ ತುಳಿದು ಹತ್ತು ವರ್ಷ ದಾಟಿತ್ತು, ಹಾಗಾಗಿ ಎರಡನೆಯ ಪ್ರಶ್ನೆ ನಮಗೆ ಮೊದಲನೆಯದಕ್ಕಿಂತ ಮುಖ್ಯವಾಗಿತ್ತು. ಕೌಂಟರಿನಲ್ಲಿದ್ದ ಮಹಿಳೆ ಎರಡಕ್ಕೂ ಹೌದೆಂದರು, ತಲೆಯೆತ್ತಿ ನನ್ನ ಮುಖ ನೋಡಿಯೇ ಹೌದೆಂದರು. ರಸೀದಿಯ ಮೇಲೂ ಅದೇ ಮಾತು ಅಚ್ಚಾಗಿತ್ತು. ಆ ರಸೀದಿ ಈಗಲೂ ನನ್ನ ಬಳಿ ಇದೆ.

ಬೆಳಗಿನ ಜಾವ 2.30ಕ್ಕೆ ವ್ಯಾನ್ ಬಂತು. ಸೀಟಿನಲ್ಲಿ ಕುಳಿತು ಬೆಲ್ಟ್ ಹಾಕಿಕೊಳ್ಳುತ್ತಿದ್ದಂತೆಯೇ ಚಾಲಕ ಒಂದು ಟ್ಯಾಬ್ಲೆಟ್ ಕೈಗೆ ಕೊಟ್ಟು, ಇದು ಎಲ್ಲರೂ ಮಾಡುವ ಸಹಿ, ಬೇಗ ಮಾಡಿ, ಇನ್ನೂ ಎರಡು ಹೋಟೆಲಿಗೆ ಹೋಗಬೇಕು ಎಂದರು. ಅದು ಅವಘಡವಾದರೆ ತಮ್ಮ ಮೇಲೆ ಹೊಣೆಯಿಲ್ಲ ಎಂದು ಬರೆಸಿಕೊಳ್ಳುವ ಪತ್ರ. ಇಂಥ ಪ್ರವಾಸಗಳಲ್ಲಿ ಅದು ಇದ್ದೇ ಇರುತ್ತದೆ ಎಂಬುದು ಹೋಗಿಬಂದವರಿಗೆಲ್ಲ ಗೊತ್ತು, ನನಗೂ ಗೊತ್ತಿತ್ತು. ಕತ್ತಲಲ್ಲಿ, ಅರೆನಿದ್ದೆಯಲ್ಲಿ, ಬೆರಳಿನಿಂದ ಪರದೆಯನ್ನು ಮೇಲಕ್ಕೆ ತಳ್ಳುತ್ತಾ ತಳ್ಳುತ್ತಾ ನಾನು ಸಹಿ ಹಾಕಿಬಿಟ್ಟೆ. ಓದಲಿಲ್ಲ. ಓದದೆ ಸಹಿ ಹಾಕಿದೆ ಎಂಬುದನ್ನು ನಾನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ, ಏಕೆಂದರೆ ಮುಂದೆ ಅವರು ಕೊಟ್ಟ ಪ್ರತಿಯೊಂದು ಉತ್ತರವೂ ಈ ಸಹಿಯ ಮೇಲೆಯೇ ನಿಂತಿದೆ.

ಸೂರ್ಯೋದಯದ ಬಗ್ಗೆ ನನಗೆ ದೂರಿಲ್ಲ. 10,023 ಅಡಿ ಎತ್ತರದಲ್ಲಿ, ಮೋಡಗಳೆಲ್ಲ ಕಾಲ ಕೆಳಗಿರುವಾಗ ಬೆಳಕು ಹರಿಯುವುದನ್ನು ನೋಡಿದ್ದು ನಿಜಕ್ಕೂ ದೊಡ್ಡದು. ಹಲೆಯಾಕಲಾ ಎಂದರೆ ಅಲ್ಲಿಯವರ ಭಾಷೆಯಲ್ಲಿ ಸೂರ್ಯನ ಮನೆ ಎಂದೇ ಅರ್ಥ. ಅಲ್ಲಿ ಚಳಿ ವಿಪರೀತ, ಪ್ರತಿ 1,000 ಅಡಿ ಏರಿದಂತೆ ಸುಮಾರು 3 ಡಿಗ್ರಿ ಫ್ಯಾರನ್‌ಹೀಟ್ ಇಳಿಯುತ್ತಾ ಹೋಗುತ್ತದೆ, ಕಡಲ ತೀರದ ಬಟ್ಟೆಯಲ್ಲಿ ಹೋದರೆ ನಡುಗಬೇಕಾಗುತ್ತದೆ. ಅವರು ಜಾಕೆಟ್ ಕೊಟ್ಟರು. ಅದಿಷ್ಟು ಸರಿಯಾಗಿತ್ತು.

ಸೂರ್ಯ ಮೇಲೆ ಬಂದ ಮೇಲೆ ನಾವು ಸೈಕಲ್ ಇಳಿಸುವುದನ್ನು ಕಾಯುತ್ತಾ ವಾಹನ ನಿಲ್ಲುವ ಜಾಗದಲ್ಲಿ ನಿಂತೆವು. ಚಾಲಕ ಬಂದು ಎಲ್ಲರೂ ವ್ಯಾನ್ ಹತ್ತಿ ಎಂದರು. ಸೈಕಲ್ ಎಲ್ಲಿ ಎಂದು ಕೇಳಿದ್ದಕ್ಕೆ, ಕೆಳಗೆ, ಎಂದರು. ‘ಕೆಳಗೆ’ ಎಂದರೆ ಎರಡು ತಿರುವಿನ ಕೆಳಗಿರಬಹುದು ಎಂದುಕೊಂಡು ಹತ್ತಿದೆವು. ವ್ಯಾನ್ ಇಳಿಯುತ್ತಲೇ ಹೋಯಿತು. ಕೈಯಲ್ಲಿದ್ದ ಫೋನಿನಲ್ಲಿ ಎತ್ತರ ತೋರಿಸುವ ಆ್ಯಪ್ ತೆರೆದು ನೋಡುತ್ತಿದ್ದೆ: 9,000, 8,000, ನಂತರ 7,000. ಶಿಖರವಿರುವ ರಾಷ್ಟ್ರೀಯ ಉದ್ಯಾನದ ಪ್ರವೇಶದ್ವಾರವೂ ದಾಟಿತು. ಯಾವ ರಸ್ತೆಯ ಸಲುವಾಗಿ ನಾವು ಹಣ ಕೊಟ್ಟಿದ್ದೆವೋ, ಯಾವ ತಿರುವುಗಳ ಚಿತ್ರವನ್ನು ನನ್ನ ಭಾವಮೈದುನ ವಾರದಿಂದ ಎಲ್ಲರಿಗೂ ತೋರಿಸುತ್ತಿದ್ದನೋ, ಆ ರಸ್ತೆ ಕಿಟಕಿಯ ಆಚೆ ಒಂದೊಂದೇ ತಿರುವಾಗಿ ಹಿಂದೆ ಸರಿಯುತ್ತಿತ್ತು, ನಾವು ಬೆಲ್ಟ್ ಹಾಕಿಕೊಂಡು ಒಳಗೆ ಕುಳಿತಿದ್ದೆವು. ‘ಭಾವ, ಇನ್ನೂ ಎಷ್ಟು ಕೆಳಗೆ?’ ಎಂದು ಅವನು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಮೋಸಹೋದೆವು ಎಂದು ನನಗೆ ಗೊತ್ತಾದದ್ದು ಆ ಕ್ಷಣದಲ್ಲಿ. ಈಗಲೂ ರಾತ್ರಿ ಮಲಗಿದಾಗ ನೆನಪಾಗುವುದು ಮುಂದೆ ಆದ ಪೆಟ್ಟಲ್ಲ, ಆ ಕಿಟಕಿ ಮತ್ತು ಆ ಪ್ರಶ್ನೆ.

ಸುಮಾರು 6,500 ಅಡಿಯಲ್ಲಿ, ಉದ್ಯಾನದ ಗಡಿಯ ಹೊರಗೆ, ರಸ್ತೆಯ ಪಕ್ಕದ ಒಂದು ಜಾಗದಲ್ಲಿ ವ್ಯಾನ್ ನಿಂತಿತು. ಸುತ್ತ ಮೋಡ ಕವಿದಿತ್ತು, ಇಪ್ಪತ್ತು ಹೆಜ್ಜೆಯ ಆಚೆ ಏನೂ ಕಾಣುತ್ತಿರಲಿಲ್ಲ. ನಾನು ಚಾಲಕರನ್ನು ನೇರವಾಗಿ ಕೇಳಿದೆ: ಶಿಖರದಿಂದ ಎಂದು ಹೇಳಿ ಹಣ ತೆಗೆದುಕೊಂಡಿದ್ದೀರಲ್ಲ? ಅವರ ಉತ್ತರವನ್ನು ಹಾಗೆಯೇ ಬರೆಯುತ್ತೇನೆ. ‘ಉದ್ಯಾನದೊಳಗೆ ಯಾವ ಕಂಪನಿಯೂ ಸೈಕಲ್ ಪ್ರವಾಸ ನಡೆಸುವಂತಿಲ್ಲ ಸಾರ್, 2007ರಿಂದ ನಿಲ್ಲಿಸಿದ್ದಾರೆ, ಇದು ಎಲ್ಲರಿಗೂ ಗೊತ್ತಿರುವ ವಿಷಯ.’

ಎಲ್ಲರಿಗೂ ಗೊತ್ತಿದ್ದರೆ ಶಿಖರದಿಂದ ಎಂದು ಅಚ್ಚು ಹಾಕಿಸುವುದೇಕೆ? ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಹೋಟೆಲಿಗೆ ಬಂದು ಓದಿದಾಗ ತಿಳಿಯಿತು, ಸಾವುಗಳಾದ ಮೇಲೆ ರಾಷ್ಟ್ರೀಯ ಉದ್ಯಾನ ಇಲಾಖೆಯವರು 2007ರಲ್ಲಿ ಈ ವ್ಯಾಪಾರಿ ಪ್ರವಾಸಗಳನ್ನು ಉದ್ಯಾನದೊಳಗೆ ನಿಲ್ಲಿಸಿದ್ದಾರೆ. ಆ ರಸ್ತೆಯನ್ನು ನೋಡಿದವರು ಆ ತೀರ್ಮಾನ ಸರಿಯೆಂದೇ ಹೇಳುತ್ತಾರೆ. ನನ್ನ ಸಿಟ್ಟು ಇರುವುದು, ಅಂದಿನಿಂದ ಇಂದಿನವರೆಗೆ ಆ ನಿಯಮವನ್ನು ಬಲ್ಲ ಕಂಪನಿಯೊಂದು ಇಂದಿಗೂ ಶಿಖರದ ಚಿತ್ರದ ಪಕ್ಕ ಸೈಕಲ್‌ಗಳನ್ನು ನಿಲ್ಲಿಸಿ ಮಾರುತ್ತಿರುವುದರ ಮೇಲೆ. ಶಿಖರದಿಂದ ಕಡಲಿಗೆ ಇರುವುದು ಸುಮಾರು 38 ಮೈಲಿ. ನಮಗೆ ಸಿಕ್ಕಿದ್ದು 23 ಮೈಲಿ, ಅದರ ಮೊದಲ ಭಾಗವೂ ಮೋಡದೊಳಗೆ.

ಎರಡನೆಯ ಮೋಸ ಅಲ್ಲೇ, ಹತ್ತು ನಿಮಿಷದ ಒಳಗೆ ಬಂತು. ಸೈಕಲ್ ಮತ್ತು ಹೆಲ್ಮೆಟ್ ಕೊಟ್ಟು, ರಸ್ತೆಯ ನಕ್ಷೆ ಇರುವ ಒಂದು ಹಾಳೆಯನ್ನು ಕೈಗಿತ್ತು, ಕುಲಾ ದಾಟಿ ಮಕಾವಾವೊ ಊರಿಗೆ ಬನ್ನಿ, ಅಲ್ಲಿಂದ ಪಾಯಿಯಾ, ಹನ್ನೆರಡರೊಳಗೆ ಅಂಗಡಿಗೆ ಸೈಕಲ್ ಒಪ್ಪಿಸಿ, ಹಿಂದೆ ಕಾರು ಬಂದರೆ ಬದಿಗೆ ನಿಂತು ದಾರಿ ಬಿಡಿ ಎಂದು ಹೇಳಿ ಚಾಲಕ ವ್ಯಾನ್ ಹತ್ತಿದರು. ಗೈಡ್ ಎಲ್ಲಿ ಎಂದು ನನ್ನ ಹೆಂಡತಿ ಕೇಳಿದಳು. ‘ನಾನೇ ಗೈಡ್. ಮಾರ್ಗದರ್ಶನ ಇಲ್ಲಿಯವರೆಗೆ’ ಎಂದರು. ಇಲ್ಲಿಯವರೆಗೆ! ವ್ಯಾನಿನಲ್ಲಿ ಕೂರಿಸಿ ಕರೆತಂದದ್ದೇ ಅವರ ಲೆಕ್ಕದಲ್ಲಿ ಮಾರ್ಗದರ್ಶನವಾಗಿತ್ತು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಆಗ ಅಲ್ಲೇ ನಿಂತು, ನಾವು ಇಳಿಯುವುದಿಲ್ಲ, ವ್ಯಾನಿನಲ್ಲೇ ಕರೆದುಕೊಂಡು ಹೋಗಿ ಎಂದು ಹಟ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಉಳಿದ ಐದಾರು ಮಂದಿ ಸುಮ್ಮನೆ ಸೈಕಲ್ ಹತ್ತುತ್ತಿದ್ದರು, ನಾನೊಬ್ಬನೇ ಜಗಳವಾಡುವವನಂತೆ ಕಾಣಬಾರದೆಂದು ಸುಮ್ಮನಾದೆ.

ಈಗ ಬರೆಯುವುದನ್ನು ಊರಿನಲ್ಲಿ ಸೈಕಲ್ ಕಲಿತವರು ಗಮನವಿಟ್ಟು ಓದಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯ ಬ್ರೇಕ್ ಮುಂದಿನ ಚಕ್ರಕ್ಕೆ, ಎಡಗೈಯದು ಹಿಂದಿನ ಚಕ್ರಕ್ಕೆ ಇರುತ್ತದೆ. ಅಮೆರಿಕದ ಸೈಕಲ್‌ಗಳಲ್ಲಿ ಇದು ತಿರುಗುಮುರುಗು, ಎಡಗೈಯದೇ ಮುಂದಿನ ಚಕ್ರದ ಬ್ರೇಕ್. ಇಳಿಜಾರಿನಲ್ಲಿ ಮುಂದಿನ ಚಕ್ರವನ್ನು ಒಮ್ಮೆಲೇ ಬಿಗಿಹಿಡಿದರೆ ಸವಾರ ಮುಂದಕ್ಕೆ ಬೀಳುತ್ತಾನೆ. ನನ್ನ ಹೆಂಡತಿ ಒದ್ದೆ ರಸ್ತೆಯ ಒಂದು ತಿರುವಿನಲ್ಲಿ, ಹಿಂದಿನ ಬ್ರೇಕ್ ಎಂದುಕೊಂಡು ಎಡಗೈಯದನ್ನು ಬಲವಾಗಿ ಹಿಡಿದಳು. ನಾನು ಅವಳ ಹಿಂದೆಯೇ ಇದ್ದೆ, ಅವಳು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರಿದ್ದನ್ನು ಕಣ್ಣಾರೆ ನೋಡಿದೆ. ಎದುರಿನಿಂದ ಯಾವ ವಾಹನವೂ ಬರದಿದ್ದದ್ದು ನಮ್ಮ ಪುಣ್ಯ. ಆ ರಸ್ತೆಗೆ ಬಹುಪಾಲು ಅಂಚಿನ ಜಾಗವೇ ಇಲ್ಲ, ಬದಿಗೆ ನಿಲ್ಲಿ ಎಂದರೆ ಎಲ್ಲಿ ನಿಲ್ಲಬೇಕು ಎಂದು ಹುಡುಕಬೇಕು. ಎಲ್ಲಿಂದ ಬಂದಿದ್ದೀರಿ, ಎಂಥ ಬ್ರೇಕ್ ಅಭ್ಯಾಸವಿದೆ, ಕೊನೆಯ ಬಾರಿ ಸೈಕಲ್ ತುಳಿದದ್ದು ಯಾವಾಗ ಎಂದು ಯಾರೂ ಕೇಳಿರಲಿಲ್ಲ. ಸ್ಕೂಬಾ ಡೈವಿಂಗ್ ಮಾಡಿದವರು ಒಂದು ದಿನವಾದರೂ ಕಳೆಯದೆ ಇಂಥ ಎತ್ತರಕ್ಕೆ ಹೋಗಬಾರದು. ಅದನ್ನೂ ಕೇಳಿರಲಿಲ್ಲ, ನಮ್ಮ ವ್ಯಾನಿನಲ್ಲಿ ಹಿಂದಿನ ಮಧ್ಯಾಹ್ನವಷ್ಟೇ ಡೈವಿಂಗ್ ಮಾಡಿ ಬಂದಿದ್ದ ದಂಪತಿ ಇದ್ದರು.

ಹಾಳೆಯ ಮೇಲಿದ್ದ ಸಂಖ್ಯೆಗೆ ಕರೆ ಮಾಡಿದೆ. ಧ್ವನಿ ಸಂದೇಶ ಬಿಡಿ ಎಂದಿತು. ಮತ್ತೆ ಮಾಡಿದೆ. ಮತ್ತೆ ಅದೇ. ನಲವತ್ತು ನಿಮಿಷ ರಸ್ತೆಯ ಬದಿಯ ಹುಲ್ಲಿನ ಮೇಲೆ ಕುಳಿತಿದ್ದೆವು, ಅವಳ ಮೊಣಕೈಯಿಂದ ರಕ್ತ ಸೋರುತ್ತಿತ್ತು, ಮಣಿಕಟ್ಟು ಊದಿಕೊಳ್ಳುತ್ತಿತ್ತು. ಕೊನೆಗೆ ಪಿಕಪ್ ಟ್ರಕ್ಕಿನಲ್ಲಿ ಬಂದ ಅಲ್ಲಿಯ ನಿವಾಸಿಯೊಬ್ಬರು ನಿಲ್ಲಿಸಿ, ಮೂರು ಸೈಕಲ್‌ಗಳನ್ನೂ ನಮ್ಮನ್ನೂ ಹಿಂದೆ ಹತ್ತಿಸಿಕೊಂಡು ಕ್ಲಿನಿಕ್‌ವರೆಗೆ ಬಿಟ್ಟರು. ಇಂಥವರನ್ನು ವಾರಕ್ಕೊಮ್ಮೆಯಾದರೂ ಎತ್ತಿಕೊಂಡು ಹೋಗುತ್ತೇನೆ ಎಂದು ಅವರು ಹೇಳಿದರು. ಅವರು ಹಣ ಮುಟ್ಟಲಿಲ್ಲ. ಮೂಳೆ ಮುರಿದಿರಲಿಲ್ಲ, ಮೂರು ವಾರ ಪಟ್ಟಿ ಕಟ್ಟಿಕೊಳ್ಳಬೇಕಾಯಿತು.

ಅಂಗಡಿಗೆ ಸೈಕಲ್ ಒಪ್ಪಿಸಲು ಹೋದಾಗ ಅಲ್ಲಿದ್ದವರು ಮೊದಲು ನೋಡಿದ್ದು ಬಾಗಿದ ಬ್ರೇಕ್ ಹಿಡಿಯನ್ನು. ಹೇಗಿದ್ದಾರೆ ಎಂದು ಯಾರೂ ಕೇಳಲಿಲ್ಲ. 95 ಡಾಲರ್ ಕಾರ್ಡಿಗೆ ಹಾಕುತ್ತೇವೆ, ಸಹಿ ಮಾಡಿದ್ದೀರಲ್ಲ ಎಂದರು. ನಾನು ಆ ಪತ್ರದ ಪ್ರತಿ ಕೊಡಿ ಎಂದು ಒತ್ತಾಯಿಸಿ ತೆಗೆದುಕೊಂಡೆ. ಹದಿನಾಲ್ಕನೆಯ ಅಂಶದಲ್ಲಿ ಇತ್ತು: ಸೈಕಲ್ ಸವಾರಿಯ ಭಾಗವನ್ನು ಪ್ರವಾಸಿಗರು ಸ್ವತಃ ತಾವೇ ನಡೆಸಿಕೊಳ್ಳತಕ್ಕದ್ದು. ರಸೀದಿಯ ಮೇಲೆ ದಪ್ಪಕ್ಷರದಲ್ಲಿ ‘ಮಾರ್ಗದರ್ಶಕರೊಂದಿಗೆ’, ಪತ್ರದ ಹದಿನಾಲ್ಕನೆಯ ಅಂಶದಲ್ಲಿ ‘ತಾವೇ’. ಹಣ ತೆಗೆದುಕೊಳ್ಳುವಾಗ ಒಂದು ಮಾತು, ಹೊಣೆ ಕಳಚಿಕೊಳ್ಳುವಾಗ ಇನ್ನೊಂದು ಮಾತು.

ಅನಂತರ ನಾನು ಬರೆದ ಇಮೇಲ್‌ಗಳು ನಾಲ್ಕು. ಮೊದಲನೆಯದಕ್ಕೆ ಬಂದ ಉತ್ತರ: ‘ಶಿಖರದಿಂದ ಕಡಲಿಗೆ ಎಂಬುದು ವ್ಯಾನ್ ಪ್ರಯಾಣವೂ ಸೇರಿದಂತೆ ಇಡೀ ದಿನದ ಅನುಭವವನ್ನು ಸೂಚಿಸುತ್ತದೆ.’ ಈ ವಾಕ್ಯವನ್ನು ನಾನು ಎಷ್ಟು ಬಾರಿ ಓದಿದೆನೋ ಲೆಕ್ಕವಿಲ್ಲ. ಸೈಕಲ್ ಪ್ರವಾಸವೆಂದು ಮಾರಿ, ವ್ಯಾನಿನಲ್ಲಿ ಕೂತದ್ದೂ ಸೇರಿತು ಎನ್ನುವುದು ಯಾವ ನ್ಯಾಯ? ಎರಡನೆಯ ಉತ್ತರದಲ್ಲಿ, ಕೌಂಟರಿನವರು ಏನು ಹೇಳಿದರೋ ಅದಕ್ಕೆ ನಾವು ಹೊಣೆಯಲ್ಲ, ಅವರು ಬೇರೆ ಸಂಸ್ಥೆ ಎಂದರು. ಕೌಂಟರಿಗೆ ಹೋದರೆ, ನಾವು ಮಾರುವವರಷ್ಟೇ, ಪ್ರವಾಸ ನಡೆಸುವವರನ್ನೇ ಕೇಳಿ ಎಂದರು. ಎರಡು ದಿನದ ಹಿಂದೆ ನನ್ನ ಮುಖ ನೋಡಿ ಹೌದೆಂದ ಅದೇ ಮಹಿಳೆ, ನಿಮಗೆ ಹಾಗೆ ಹೇಳಿದ ನೆನಪು ನನಗಿಲ್ಲ ಎಂದರು. ಮೂರನೆಯದಕ್ಕೆ ಮುಂದಿನ ಪ್ರವಾಸದಲ್ಲಿ ಶೇಕಡ 15 ರಿಯಾಯಿತಿ ಕೊಡುವುದಾಗಿ ಬರೆದರು. ಪೆಟ್ಟು ತಿಂದವಳಿಗೆ ಅದೇ ಸೈಕಲ್ ಮೇಲೆ ರಿಯಾಯಿತಿ. ನಾಲ್ಕನೆಯದಕ್ಕೆ ಉತ್ತರ ಬಂದಿಲ್ಲ.

ಹೋಗಲೇಬೇಕೆಂದಿರುವವರಿಗೆ ಹೇಳುವುದು ಇಷ್ಟೇ. ಸೂರ್ಯೋದಯ ಮಾತ್ರ ಸಾಕಾದರೆ ಬಾಡಿಗೆ ಕಾರಿನಲ್ಲಿ ನೀವೇ ಹೋಗಿ. 2017ರಿಂದ ಬೆಳಗಿನ ಜಾವ 3ರಿಂದ 7ರವರೆಗೆ ಒಳಗೆ ಹೋಗಲು ಕಾರಿಗೆ ಮೊದಲೇ ಸ್ಥಳ ಕಾಯ್ದಿರಿಸಬೇಕು. ಅದಕ್ಕೆ 1 ಡಾಲರ್, ಪ್ರವೇಶ ಶುಲ್ಕ ಕಾರಿಗೆ 30 ಡಾಲರ್. ನಾವು ಮೂವರು 657 ಡಾಲರ್ ಕೊಟ್ಟು ಸರಿಯಾಗಿ ಪಡೆದದ್ದು ಅದೊಂದನ್ನೇ. ಸೈಕಲ್ ಬೇಕೇ ಬೇಕೆಂದರೆ, ಗೈಡ್ ನಮ್ಮ ಮುಂದೆ ಸೈಕಲ್ ಮೇಲೆ ಇರುತ್ತಾರೆಯೇ, ಹಿಂದೆ ವ್ಯಾನ್ ಕಡಲ ತೀರದವರೆಗೆ ಬರುತ್ತದೆಯೇ, ಎಷ್ಟು ಅಡಿಯಿಂದ ಸವಾರಿ ಶುರು ಎಂದು ಪ್ರವಾಸ ನಡೆಸುವವರಿಂದಲೇ ಬರಹದಲ್ಲಿ ಉತ್ತರ ಪಡೆಯಿರಿ. ‘ಶಿಖರ’ ಎಂಬ ಪದ ಕಂಡರೆ ಅಡಿಯ ಲೆಕ್ಕ ಕೇಳಿ. ಹೊಣೆಯ ಪತ್ರವನ್ನು ಹಿಂದಿನ ದಿನವೇ ಕಳುಹಿಸಿ ಎನ್ನಿ. ಕಳುಹಿಸದಿದ್ದರೆ ಅಂಥವರಿಗೆ ಹಣ ಕೊಡಬೇಡಿ. ಎಡಗೈ ಬ್ರೇಕ್‌ನ ಮಾತನ್ನು ಮನೆಯ ಎಲ್ಲರಿಗೂ ಹೇಳಿ.

ಕಾರ್ಡಿನ ಬ್ಯಾಂಕಿಗೆ ರಸೀದಿ, ಹದಿನಾಲ್ಕನೆಯ ಅಂಶ, ಕ್ಲಿನಿಕ್ಕಿನ ಕಾಗದ ಮತ್ತು ಅವರ ಮೂರು ಉತ್ತರಗಳನ್ನು ಕಳುಹಿಸಿ, ಆ 95 ಡಾಲರ್ ಮತ್ತು ಪ್ರವಾಸದ ಹಣ ಎರಡರ ಮೇಲೂ ತಕರಾರು ಹಾಕಿದ್ದೇನೆ. ಎದುರು ಪಕ್ಷದವರು ತಮ್ಮ ಉತ್ತರವಾಗಿ ನನ್ನ ಸಹಿಯಿರುವ ಪುಟದ ಪ್ರತಿಯನ್ನು ಬ್ಯಾಂಕಿಗೆ ಕೊಟ್ಟಿದ್ದಾರಂತೆ. ಸಹಿಯ ಪಕ್ಕದಲ್ಲಿ ಸಮಯವೂ ದಾಖಲಾಗಿದೆ: ಬೆಳಗಿನ ಜಾವ 2.34. ಎಷ್ಟು ಹೊತ್ತಿನಲ್ಲಿ, ಎಲ್ಲಿ ಕೂರಿಸಿ ಸಹಿ ಹಾಕಿಸಿಕೊಂಡರು ಎಂಬುದಕ್ಕೆ ಆ ಪುಟವೇ ಸಾಕ್ಷಿ ಎಂದು ನಾನು ನಿನ್ನೆ ಬ್ಯಾಂಕಿಗೆ ಬರೆದಿದ್ದೇನೆ.